ಗೊರವಂಕದ ಕೊರಳಿಗೆ ಸೋರೆಬುರುಡೆ

ಏಪ್ರಿಲ್ ಹನ್ನೆರಡು. ಬೆಳಿಗ್ಗೆಯೇ ಬಿಸಿಲು ಚುರುಗುಟ್ಟುತ್ತಿತ್ತು. ಎಲೆ ಅಲುಗುವಷ್ಟೂ ಗಾಳಿ ಇರಲಿಲ್ಲ.

ಕರೇಕಲ್ಲು ಕಾಡಿನ ಹೊಂಡದ ದಡದಲ್ಲಿ, ನೇರಳೆ ಮರದ ನೆರಳಿನಲ್ಲಿ, ದೂಮಣ್ಣ ಎಂಬ ಕರಡಿ ಅಂಗಾತ ಮಲಗಿದ್ದ. ಅವನಿಗೆ ಮನೆ ಇರಲಿಲ್ಲ ಎಂದುಕೊಳ್ಳಬೇಡಿ ಮಕ್ಕಳೇ. ಗುಡ್ಡದ ಮೇಲೆ ಅವನದೊಂದು ಗುಹೆ ಇತ್ತು. ಎಂಥ ಬೇಸಿಗೆಯಲ್ಲೂ ಒಳಗೆ ತಂಪು. ಹಿಂದಿನ ಗೋಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವನ ಅಜ್ಜಿ ಹುಟ್ಟಿದ್ದೂ ಅಲ್ಲೇ. ಆದರೆ ರಾತ್ರಿಯೆಲ್ಲ ಹಣ್ಣು, ಗೆದ್ದಲು, ಜೇನು ಎಂದು ತಿಂದು ಬಂದವನಿಗೆ ಬೆಳಿಗ್ಗೆ ಗುಡ್ಡ ಹತ್ತಲು ಬೇಜಾರು. ಅದಕ್ಕೇ ಹೊಂಡದ ಬಳಿಯೇ ಬಿದ್ದುಕೊಳ್ಳುತ್ತಿದ್ದ. ಮೈ ತುಂಬ ದಟ್ಟ ಕೂದಲು. ನೆಲ ಎಷ್ಟು ಗಟ್ಟಿಯಿದ್ದರೂ ಅವನಿಗೆ ಮೆತ್ತಗೆ.

ಆಗ ಗೊರವಂಕ ಚೆಲುವಕ್ಕ ಹಾರಿ ಬಂದು ಅವನ ಹೊಟ್ಟೆಯ ಮೇಲೆ ಇಳಿದಳು.

ನಿಮ್ಮ ಮನೆಯಲ್ಲಿ ಅಪ್ಪ ಅಮ್ಮಂದಿರ ಮೊಬೈಲಿಗೆ ಇಮೇಲ್ ಬರುತ್ತದಲ್ಲ, ಕರೇಕಲ್ಲು ಕಾಡಿನಲ್ಲಿ ಆ ಕೆಲಸ ಚೆಲುವಕ್ಕನದು. ಯಾರು ಏನು ಹೇಳಿ ಕಳಿಸಿದರೂ ಅವರದೇ ದನಿಯಲ್ಲಿ, ಕೆಮ್ಮಿದ್ದರೆ ಕೆಮ್ಮನ್ನೂ ಸೇರಿಸಿ, ಒಪ್ಪಿಸುತ್ತಿದ್ದಳು. ಕೇಳಿಸಿಕೊಂಡವರು "ಕೇಳಿದೆ" ಎನ್ನಬೇಕು. ಅಂದ ತಕ್ಷಣ ಆ ಮಾತು ಅವಳ ತಲೆಯಿಂದ ಖಾಲಿ. ಮುಂದೆ ನೀವುಂಟು, ನಿಮ್ಮ ನೆನಪುಂಟು.

ಚೆಲುವಕ್ಕ ಗಂಟಲು ಸರಿಮಾಡಿಕೊಂಡು, ಕಾಡಿನ ಯಜಮಾನ, ಮುಸಿಯ ಕೋತಿ ದುರುಗಪ್ಪನ ದನಿ ತೆಗೆದಳು.

"ಹ್ಞೂಂ. ದೂಮಣ್ಣನಿಗೆ ತಿಳಿಸುವುದೇನೆಂದರೆ, ಬರುವ ಹುಣ್ಣಿಮೆಯ ಬೆಳಿಗ್ಗೆ ಮನೆಹೇಳಿಕೆ. ಬಿಸಿಲೇರುವ ಮೊದಲು ನಿನ್ನ ಗುಹೆಯ ಬಾಗಿಲಲ್ಲಿ ನಿಂತು 'ಈ ಮನೆ ನನ್ನದು' ಅನ್ನಬೇಕು. ನೀನು ಇಲ್ಲದೆ ಬೇರೆ ಯಾರಾದರೂ ನಿಂತು ಅಂದರೆ ಗುಹೆ ಅವರದು. ಹೋದ ವರ್ಷ ತಡವಾಗಿ ಬಂದು ಅತ್ತು ಕರೆದು ಮಾಡಿದೆ. ಈ ಸಲ ನಾನು ಕರಗುವುದಿಲ್ಲ. ಹ್ಞೂಂ."

ದೂಮಣ್ಣ ಎದ್ದು ಕೂತ. ಗುಹೆ ಎಂದರೆ ಅವನಿಗೆ ಪ್ರಾಣ. ಅಲ್ಲಿಗೆ ಹತ್ತುವುದು ಮಾತ್ರ ಪ್ರಾಣಸಂಕಟ.

"ಕೇಳಿದೆ," ಎಂದ. "ಈಗ ಇದನ್ನು ಮರದಲ್ಲಿ ಇಟ್ಟು ಬರಬೇಕಲ್ಲವೇ? ಥೂ!"

ಮರ ಎಂದರೆ ಮರಕುಟಿಗ ಕೊಟ್ರಯ್ಯನ ದಿನದ ಮರ. ಹೊಂಡದ ಆಚೆ ದಡದಲ್ಲಿದ್ದ ಒಣಮರಕ್ಕೆ ಕೊಟ್ರಯ್ಯ ಸಾಲು ಸಾಲಾಗಿ ತೂತು ಕೊರೆದಿದ್ದ. ಒಂದು ತೂತಿಗೆ ಒಂದು ದಿನ. ಯಾವ ದಿನ ಕೆಲಸವಿದೆಯೋ ಆ ತೂತಿನಲ್ಲಿ ನಿಮ್ಮ ಗುರುತು ಇಡಬೇಕು. ನೀರುನಾಯಿ ಈರಮ್ಮ ಮೀನಿನ ಮುಳ್ಳು ಇಡುತ್ತಿದ್ದಳು. ಮುಳ್ಳುಹಂದಿ ಸಣ್ಣವ್ವ ತನ್ನ ಮುಳ್ಳಿನ ತುದಿ. ದೂಮಣ್ಣ ಇಡಬೇಕಾದದ್ದು ಒಂದು ಎಳೆ ಕೂದಲು. ಆ ದಿನ ಬಂದಾಗ ಕೊಟ್ರಯ್ಯ ಮರವನ್ನು ಟಕಟಕಟಕ ಕುಟ್ಟಿ ಹೆಸರು ಕೂಗುತ್ತಿದ್ದ.

"ಸುದ್ದಿ ತರುವವಳು ನೀನು," ಎಂದ ದೂಮಣ್ಣ. "ದಿನ ಇಡುವವನು ಅವನು. ಇವೆರಡರ ನಡುವೆ ಹೊಂಡ ಸುತ್ತುವವನು ನಾನು. ಇದ್ಯಾವ ನ್ಯಾಯ ಚೆಲುವಕ್ಕ? ಸುದ್ದಿ ತಂದವಳೇ ದಿನವನ್ನೂ ಇಟ್ಟುಕೊಂಡು, ದಿನ ಬಂದಾಗ ನೆನಪು ಮಾಡಿದರೆ ಏನು ಗಂಟು ಹೋಗುತ್ತೆ?"

"ನನಗೇನು ಕಷ್ಟ!" ಎಂದಳು ಚೆಲುವಕ್ಕ. ಯಾರಾದರೂ "ನಿನ್ನಿಂದ ಆಗುತ್ತಾ?" ಎಂಬ ದನಿಯಲ್ಲಿ ಕೇಳಿದರೆ ಸಾಕು, ಅವಳು ಬೆಟ್ಟವನ್ನೂ ಹೊರುತ್ತೇನೆ ಎನ್ನುವವಳು.

ಅದೇ ಸಂಜೆ ಹೊಂಡದ ಬಳಿ ಸಭೆ ಸೇರಿತು.

"ಒಳ್ಳೇದೇ ಬಿಡ್ರೀ," ಎಂದಳು ಈರಮ್ಮ. "ಮಾತು ಒಂದು ಕಡೆ, ದಿನ ಇನ್ನೊಂದು ಕಡೆ ಇದ್ದರೆ ನಡುವೆ ನನಗೆ ಮೀನು ಕಾಣಿಸುತ್ತೆ. ಎರಡೂ ಮರೆತುಹೋಗುತ್ತೆ."

"ನನಗೂ ಬೇಕು," ಎಂದ ಆಮೆ ಮಂದಣ್ಣ. "ಕೊಟ್ರಯ್ಯನ ಮರ ಮುಟ್ಟುವಷ್ಟರಲ್ಲಿ ಆ ದಿನ ಮುಗಿದಿರುತ್ತೆ."

ಎಲ್ಲರೂ ಕೊಟ್ರಯ್ಯನ ಕಡೆ ನೋಡಿದರು. ಅವನು ತೊಗಟೆಯಿಂದ ಒಂದು ಹುಳು ಎಳೆದು ನುಂಗಿ, ನಿಧಾನವಾಗಿ ಹೇಳಿದ:

"ಮಾಡಲಿ, ನನಗೇನು. ಆದರೆ ಒಂದು ಮಾತು. ಇಲ್ಲಿವರೆಗೆ ಕಾಲೆಳೆದುಕೊಂಡು ಬಂದು ತೂತಿಗೆ ಕೂದಲು ತುರುಕಿದವನಿಗೆ ಅರ್ಧ ನೆನಪು ಆಗಲೇ ಬಂದಿರುತ್ತೆ. ಮಿಕ್ಕರ್ಧ ನಾನು ಕುಟ್ಟುತ್ತೇನೆ."

"ನಿನ್ನ ಅಂಗಡಿ ಮುಚ್ಚಿಹೋಗುತ್ತೆ ಅಂತ ಹೊಟ್ಟೆಕಿಚ್ಚು," ಎಂದ ದೂಮಣ್ಣ.

"ಇರಬಹುದು," ಎಂದ ಕೊಟ್ರಯ್ಯ.

ಆದರೂ ಅವನೇ ಒಂದು ಒಣ ಸೋರೆಬುರುಡೆಗೆ ಚಿಕ್ಕ ಚಿಕ್ಕ ತೂತು ಕೊರೆದು ಕೊಟ್ಟ. ಅದನ್ನು ನಾರಿನಲ್ಲಿ ಕಟ್ಟಿ ಚೆಲುವಕ್ಕನ ಕೊರಳಿಗೆ ಹಾಕಿದರು. ಯಾರಿಗೆ ಯಾವ ದಿನ ನೆನಪಾಗಬೇಕೋ ಆ ತೂತಿಗೆ ಒಂದು ಗುಲಗಂಜಿ. ಆಡಬೇಕಾದ ಮಾತು ಅವಳ ತಲೆಯಲ್ಲಿ.

ದೂಮಣ್ಣ ಮೊದಲ ಗುಲಗಂಜಿ ಇಡಿಸಿದ. "ಹುಣ್ಣಿಮೆ ಬೆಳಿಗ್ಗೆ ಹೀಗೆ ಹೇಳು: 'ದೂಮಣ್ಣ, ಏಳು. ಗುಹೆಗೆ ಹೋಗು.' ಅಷ್ಟೇ. ಮಿಕ್ಕಿದ್ದು ನಾನು ನೋಡಿಕೊಳ್ಳುತ್ತೇನೆ."

ಹಾಗೆ ಹೇಳಿ ಹಗುರಾಗಿ ಮಲಗಿದ. ಗುಹೆಯ ಚಿಂತೆಯೆಲ್ಲ ಈಗ ಚೆಲುವಕ್ಕನ ಕೊರಳಲ್ಲಿ.

ಮೊದಮೊದಲು ಎಲ್ಲವೂ ಚೆನ್ನಾಗಿಯೇ ನಡೆಯಿತು. ಈರಮ್ಮ ತನ್ನ ತಂಗಿಯ ಮನೆಗೆ ಸರಿಯಾದ ದಿನಕ್ಕೆ ಹೋದಳು. ತಂಗಿ ಗಾಬರಿಯಾಗಿ "ಯಾರಿಗೇನಾಯಿತು?" ಎಂದು ಕೇಳಿದಳಂತೆ.

ಆಮೇಲೆ ಆಸೆ ಬೆಳೆಯಿತು. ನವಿಲು, ಮೋಡ ಬಂದಾಗ ನೆನಪು ಮಾಡು ಎಂದಿತು. ಮೋಡ ಬಂದರೆ ನಿನಗೇ ಕಾಣುತ್ತಲ್ಲ ಎಂದರೆ, "ನಾನು ಆಗ ಗರಿ ನೋಡಿಕೊಳ್ಳುತ್ತಿರುತ್ತೇನೆ" ಎಂದಿತು. ಮೊಲ ದಿನಾ ಹೆದರುವುದನ್ನು ನೆನಪು ಮಾಡಲು ಹೇಳಿತು. ಮಂದಣ್ಣ, 'ಸ್ವಲ್ಪ ಹೊತ್ತಿನಲ್ಲಿ ನೆನಪು ಮಾಡುತ್ತೇನೆ' ಎಂದು ಸ್ವಲ್ಪ ಮುಂಚೆಯೇ ಬಂದು ನೆನಪು ಮಾಡು ಎಂದ. ಬುರುಡೆ ತುಂಬ ಗುಲಗಂಜಿ. ಚೆಲುವಕ್ಕ ಹಾರಿದರೆ ಕೊಕ್ಕು ನೆಲದ ಕಡೆಗೇ ವಾಲುತ್ತಿತ್ತು. ಬೆಳಿಗ್ಗೆಯ ಸುದ್ದಿ ಸಂಜೆಗೆ ಮುಟ್ಟುತ್ತಿತ್ತು.

ಒಂದು ದಿನ ಹೊಂಡದಲ್ಲಿ ಜಿಂಕೆಗಳು ನೀರು ಕುಡಿಯುತ್ತಿದ್ದವು. ಪೊದೆಯ ಹಿಂದೆ ಚಿರತೆ ಉಸಿರು ಬಿಗಿಹಿಡಿದು ಕೂತಿತ್ತು. ಚೆಲುವಕ್ಕ ಏದುತ್ತ ಬಂದು ಅದರ ತಲೆಯ ಮೇಲೆ ಇಳಿದು, ಚಿರತೆಯದೇ ದಪ್ಪ ದನಿಯಲ್ಲಿ ಕೂಗಿದಳು:

"ಇವತ್ತು ಸಂಜೆ ಹೊಂಡದ ಬಳಿ ಜಿಂಕೆ! ಬಲಗಡೆಯ ಕೊಬ್ಬಿದ್ದು! ಯಾರಿಗೂ ಹೇಳಬೇಡ!"

ಕ್ಷಣದಲ್ಲಿ ಹೊಂಡ ಖಾಲಿ. ಬಲಗಡೆಯ ಕೊಬ್ಬಿದ ಜಿಂಕೆ ಎಲ್ಲರಿಗಿಂತ ಮುಂದೆ ಓಡುತ್ತಿತ್ತು.

"ಕೇಳಿದೆ," ಎಂದಿತು ಚಿರತೆ, ಹಲ್ಲು ಕಡಿದು.

ದೂಮಣ್ಣ ಇದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಕೇಳುವುದಕ್ಕೂ ಒಂದು ಬುದ್ಧಿ ಬೇಕು ಕಣಪ್ಪಾ," ಎಂದು ಚಿರತೆಗೆ ಹೇಳಿದ. ದೂರದಿಂದಲೇ ಹೇಳಿದ.

ಇತ್ತ ಮುಳ್ಳುಹಂದಿ ಸಣ್ಣವ್ವನ ಬಿಲದ ಮೇಲೆ ಒಂದು ಬಂಡೆ ಉರುಳಿ ಬಾಯಿ ಮುಚ್ಚಿಹೋಗಿತ್ತು. ಆಗಷ್ಟೇ ಹುಟ್ಟಿದ ಮರಿಗಳನ್ನು ಕಟ್ಟಿಕೊಂಡು ಅವಳು ನೆರಳಿನಿಂದ ನೆರಳಿಗೆ ಅಲೆಯುತ್ತಿದ್ದಳು. ದಾರಿಯಲ್ಲಿ ಕೊಟ್ರಯ್ಯನ ಮರ ಸಿಕ್ಕಿತು. ಹುಣ್ಣಿಮೆಯ ತೂತಿನಲ್ಲಿ ಒಂದು ಮುಳ್ಳಿನ ತುದಿ ಸಿಕ್ಕಿಸಿ ಹೋದಳು. ಆ ತೂತಿನಲ್ಲಿ ಬೇರೆ ಯಾರ ಗುರುತೂ ಇರಲಿಲ್ಲ.

ಹುಣ್ಣಿಮೆಯ ಬೆಳಗಾಯಿತು. ದೂಮಣ್ಣ ಹೊಟ್ಟೆ ಬಿರಿಯೆ ತಿಂದು ಬಂದು ನೇರಳೆ ಮರದಡಿ ಬಿದ್ದುಕೊಂಡಿದ್ದ. ಮೊದಲ ಕಿರಣದ ಜೊತೆಗೇ ಚೆಲುವಕ್ಕ ಬಂದಳು. ಪಾಪ, ಆ ದಿನ ಹಾರಲು ಆಗದೆ ನಡೆದುಕೊಂಡೇ ಬಂದಿದ್ದಳು.

"ದೂಮಣ್ಣ, ಏಳು. ಗುಹೆಗೆ ಹೋಗು," ಎಂದಳು, ದೂಮಣ್ಣನದೇ ದನಿಯಲ್ಲಿ.

ದೂಮಣ್ಣ ನಿದ್ದೆಯಲ್ಲೇ ಯೋಚಿಸಿದ. ಯಾರೋ ಮಾತಾಡುತ್ತಿದ್ದಾರೆ. ದನಿ ಬಹಳ ಚೆನ್ನಾಗಿದೆ. ಅರೆ, ಇದು ನನ್ನ ದನಿ! ಅಂದರೆ ನಾನೇ ಕನಸಿನಲ್ಲಿ ಮಾತಾಡುತ್ತಿದ್ದೇನೆ. ಅಂದರೆ ನನಗಿನ್ನೂ ನಿದ್ದೆ ಮುಗಿದಿಲ್ಲ.

"ಆಮೇಲೆ ಹೇಳು," ಎಂದು ಮಗ್ಗುಲು ಬದಲಿಸಿದ.

ಚೆಲುವಕ್ಕ ಸ್ವಲ್ಪ ಹೊತ್ತು ಕಾದಳು. "ದೂಮಣ್ಣ, ಏಳು. ಗುಹೆಗೆ ಹೋಗು."

"ಇನ್ನೊಂಚೂರು ಬಿಟ್ಟು."

ಇನ್ನೊಂಚೂರು ಬಿಟ್ಟಳು. ಬಿಸಿಲು ಮರದ ತುದಿಯಿಂದ ಕೆಳಗಿಳಿಯಿತು. ಈ ಸಲ ಅವಳು ಅವನ ಕಿವಿಯೊಳಗೇ ಕೊಕ್ಕು ಇಟ್ಟು ಕೂಗಿದಳು:

"ದೂಮಣ್ಣ, ಏಳು! ಗುಹೆಗೆ ಹೋಗು!"

"ಕೇಳಿದೆ, ಕೇಳಿದೆ, ಕೇಳಿದೆ!" ಎಂದು ರೇಗಿದ ದೂಮಣ್ಣ, ಕಣ್ಣು ಮುಚ್ಚಿಕೊಂಡೇ.

ಆಯಿತಲ್ಲ! ಆ ಮಾತು ಚೆಲುವಕ್ಕನ ತಲೆಯಿಂದ ಖಾಲಿ. ಅವಳು ಗುಲಗಂಜಿಯನ್ನು ಕಿತ್ತು ಬಿಸಾಕಿ, ಮೊಲವನ್ನು ಹೆದರಿಸಲು ಹೊರಟುಹೋದಳು.

ದೂಮಣ್ಣನಿಗೆ ಎಚ್ಚರವಾದದ್ದು ಬಿಸಿಲು ಮೂಗಿನ ಮೇಲೆ ಬಿದ್ದಾಗ. ಆಕಳಿಸಿದ. ತೊಡೆ ಕೆರೆದುಕೊಂಡ. ಎದುರಿಗೆ ಗುಡ್ಡ ಕಂಡಿತು. ಗುಡ್ಡದ ಮೇಲೆ ದುರುಗಪ್ಪನ ಬಾಲ ಕಂಡಿತು.

"ಅಯ್ಯಯ್ಯೋ, ನನ್ನ ಗುಹೆ!"

ಜನ್ಮದಲ್ಲಿ ಓಡದವನು ಅಂದು ಓಡಿದ. ಬಿದ್ದ, ಎದ್ದ, ಉರುಳಿದ, ಮತ್ತೆ ಹತ್ತಿದ. ಮೇಲೆ ಮುಟ್ಟಿದಾಗ ಗುಹೆಯ ಬಾಗಿಲಲ್ಲಿ ಸಣ್ಣವ್ವ ನಿಂತಿದ್ದಳು. ಅವಳ ಹಿಂದೆ ಮರಿಗಳು ತಂಪು ಕಲ್ಲಿನ ಮೇಲೆ ಕಣ್ಣು ಪಿಳಿಪಿಳಿ ಬಿಡುತ್ತಿದ್ದವು.

"ಆಗಿಹೋಯಿತು ದೂಮಣ್ಣ," ಎಂದ ದುರುಗಪ್ಪ. "ಸಣ್ಣವ್ವ ಬಿಸಿಲೇರುವ ಮೊದಲೇ ಬಂದು ನಿಂತು 'ಈ ಮನೆ ನನ್ನದು' ಅಂದಳು. ಗುಹೆ ಅವಳದು. ಹ್ಞೂಂ."

"ಇದು ಮೋಸ! ಆ ಚೆಲುವಕ್ಕ ನನಗೆ ನೆನಪೇ ಮಾಡಲಿಲ್ಲ!"

ಚೆಲುವಕ್ಕನನ್ನು ಕರೆಸಿದರು. ಬುರುಡೆಯನ್ನು ನೆಲದ ಮೇಲೆ ಎಳೆದುಕೊಂಡು ಬಂದಳು.

"ಮಾಡಲಿಲ್ಲವಾ? ಕೂಗಿ ಕೂಗಿ ನನ್ನ ಗಂಟಲು ಹೋಯಿತು. ನೀನೇ 'ಕೇಳಿದೆ' ಅಂದೆಯಪ್ಪಾ. ಒಂದಲ್ಲ, ಮೂರು ಸಲ!"

"ನಾನು ಕೇಳಿಸಿಕೊಳ್ಳದೇ 'ಕೇಳಿದೆ' ಅಂದೆ!" ಎಂದು ಕೂಗಿದ ದೂಮಣ್ಣ.

ಎಲ್ಲರೂ ಅವನ ಕಡೆ ತಿರುಗಿದರು. ತಾನು ಏನು ಹೇಳಿದೆ ಎಂಬುದು ಅವನಿಗೂ ಸ್ವಲ್ಪ ತಡವಾಗಿ ಹೊಳೆಯಿತು.

"ಆ ಬುರುಡೆಯಿಂದಲೇ ಇದೆಲ್ಲ," ಎಂದು ಗೊಣಗಿದ. "ಕಿತ್ತೆಸೆಯಿರಿ ಅದನ್ನ."

"ಅದ್ಯಾಕೆ?" ಎಂದಳು ಈರಮ್ಮ. "ಕರೆದರೆ ನಾನು ಎದ್ದೆ. ನೀನು ಏಳಲಿಲ್ಲ. ಬುರುಡೆ ಏನು ಮಾಡೀತು?"

ದುರುಗಪ್ಪ ತಲೆ ಕೆರೆದು ತೀರ್ಪು ಕೊಟ್ಟ. ಬುರುಡೆ ಇರಲಿ. ಆದರೆ ಹೊರುವಷ್ಟೇ ಗುಲಗಂಜಿ. ಮೋಡ ನೋಡಲು, ಹೆದರಲು ಅವರವರೇ ನೆನಪು ಇಟ್ಟುಕೊಳ್ಳಲಿ. ಇನ್ನು ಮುಂದೆ "ಕೇಳಿದೆ" ಎಂದು ಎದ್ದು ನಿಂತು ಹೇಳಿದರೆ ಮಾತ್ರ ಹೇಳಿದ ಹಾಗೆ. ಮಲಗಿಕೊಂಡು ಅಂದದ್ದು ಬರೀ ಗೊರಕೆ.

"ಅದೆಲ್ಲ ಸರಿ, ನನ್ನ ಗುಹೆ?" ಎಂದ ದೂಮಣ್ಣ. "ನಮ್ಮಜ್ಜಿ ಹುಟ್ಟಿದ ಜಾಗ ಕಣ್ರೋ."

ಸಣ್ಣವ್ವ ಕೆಟ್ಟವಳಲ್ಲ. ಅವಳು ಮರಿಗಳ ಕಡೆ ನೋಡಿದಳು, ಕಲ್ಲಿನ ನೆಲದ ಕಡೆ ನೋಡಿದಳು, ಆಮೇಲೆ ದೂಮಣ್ಣನನ್ನು ಮೇಲಿಂದ ಕೆಳಗೆ, ಹಿಂದಿನಿಂದ ಮುಂದೆ ನೋಡಿದಳು.

"ನೋಡಣ್ಣ, ಪಕ್ಕದಲ್ಲೇ ಒಂದು ಸಣ್ಣ ಪೊಟರೆ ಇದೆ. ನಮಗೆ ಅದೇ ಸಾಕು. ಗುಹೆ ಬಿಟ್ಟುಕೊಡುತ್ತೇನೆ. ಆದರೆ ಸುಮ್ಮನೆ ಅಲ್ಲ."

ಏನು ಬೇಕು ಎಂಬುದನ್ನು ಅವಳು ದುರುಗಪ್ಪನ ಕಿವಿಯಲ್ಲಿ ಹೇಳಿದಳು. ದುರುಗಪ್ಪ ಕೂತಿದ್ದ ಕಲ್ಲಿನಿಂದ ಬೀಳುವುದರಲ್ಲಿದ್ದ. ಅವನು ದೂಮಣ್ಣನ ಕಿವಿಯಲ್ಲಿ ಹೇಳಿದ. ದೂಮಣ್ಣನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು.

"ಬೇರೆ ಏನಾದರೂ ಕೇಳಮ್ಮ. ಜೇನು ತಂದುಕೊಡುತ್ತೇನೆ."

"ಜೇನು ಹಾಸಿಕೊಂಡು ಮಲಗೋಕಾಗುತ್ತಾ?"

ಕೊಟ್ರಯ್ಯನನ್ನು ಕರೆಸಿದರು. ಕೊಕ್ಕು ಗಟ್ಟಿ ಇದ್ದವನು ಅವನೊಬ್ಬನೇ. ಅವನು ಮತ್ತು ದೂಮಣ್ಣ ಪೊದೆಯ ಹಿಂದೆ ಹೋದರು. ಬಹಳ ಹೊತ್ತು "ಅಯ್ಯೋ!", "ಅಮ್ಮಾ!", "ನಿಧಾನ ಕೊಟ್ರಯ್ಯಾ!" ಎಂಬ ಕೂಗು ಕೇಳಿಬಂತು. ನಡುವೆ ಕೊಟ್ರಯ್ಯನ ದನಿಯೂ ಒಮ್ಮೆ ಕೇಳಿಸಿತು:

"ಅವತ್ತು ನನ್ನ ಮರಕ್ಕೆ ಒಂದೇ ಒಂದು ಎಳೆ ಕೊಟ್ಟಿದ್ದರೆ ಸಾಕಾಗಿತ್ತಲ್ಲೋ."

ಎಲ್ಲ ಮುಗಿಯಿತು. ಸಣ್ಣವ್ವ ಮರಿಗಳೊಂದಿಗೆ ಪೊಟರೆ ಸೇರಿದಳು. ಪ್ರಾಣಿಗಳು ಒಬ್ಬೊಬ್ಬರಾಗಿ, ಬಾಯಿಗೆ ಪಂಜ ಅಡ್ಡ ಹಿಡಿದುಕೊಂಡು, ಗುಡ್ಡ ಇಳಿದರು.

ಆಗ ಆಮೆ ಮಂದಣ್ಣ ಮೇಲೆ ಬಂದು ಮುಟ್ಟಿದ. ಮನೆಹೇಳಿಕೆ ನೋಡಲೆಂದು ಬಹಳ ಮುಂಚೆಯೇ ಹೊರಟಿದ್ದವನು ಅವನು.

"ಶುರುವಾಯಿತಾ?"

"ಮುಗಿಯಿತು," ಎಂದ ದೂಮಣ್ಣ. ಅವನು ಗುಹೆಯ ಬಾಗಿಲಲ್ಲಿ ಗೋಡೆಗೆ ಬೆನ್ನು ಒತ್ತಿಕೊಂಡು ನಿಂತಿದ್ದ.

"ಗುಹೆ ಯಾರದಾಯಿತು?"

"ನನ್ನದೇ. ಕೊಡಬೇಕಾದ್ದನ್ನು ಕೊಟ್ಟು ಬಿಡಿಸಿಕೊಂಡೆ."

"ಏನು ಕೊಟ್ಟೆ?"

"ಏನೋ ಒಂದು."

"ಏನೋ ಒಂದು ಅಂದರೆ?"

"ನಿಂತೇ ಮಾತಾಡುತ್ತೀಯಲ್ಲ, ಕೂತುಕೋ ಮಂದಣ್ಣ," ಎಂದು ದೂಮಣ್ಣ ಮಾತು ಮರೆಸಿದ. ಮರೆಸುವ ಭರದಲ್ಲಿ ತಾನೂ ಎದುರಿನ ಬಂಡೆಯ ಮೇಲೆ ಕೂತ. ಮಧ್ಯಾಹ್ನದ ಬಿಸಿಲಿಗೆ ಬಂಡೆ ಕೆಂಡದಂತೆ ಕಾದಿತ್ತು.

"ಅಪ್ಪಾ!" ಎಂದು ಚಿಮ್ಮಿ ಎದ್ದು, ಹಿಂದುಮುಂದು ನೋಡದೆ ಗುಹೆಯೊಳಕ್ಕೆ ಓಡಿದ.

ಓಡುವಾಗ ಮಂದಣ್ಣನಿಗೆ ಅವನ ಹಿಂಭಾಗ ಕಂಡಿತು. ಮೈಯೆಲ್ಲ ಕರಿ ಕೂದಲು. ಕೂರುವ ಜಾಗ ಮಾತ್ರ ಸುಲಿದ ಬಾಳೆಹಣ್ಣಿನ ಹಾಗೆ ನುಣ್ಣಗೆ. ಅಲ್ಲಿದ್ದ ಕೂದಲೆಲ್ಲ ಪಕ್ಕದ ಪೊಟರೆಯಲ್ಲಿ ಹಾಸಿಗೆಯಾಗಿತ್ತು. ಸಣ್ಣವ್ವನ ಮರಿಗಳು ಅದರ ಮೇಲೆ ಒಂದಕ್ಕೊಂದು ಅಂಟಿಕೊಂಡು ನಿದ್ದೆ ಹೋಗಿದ್ದವು.

ಮಂದಣ್ಣ ಮೆಲ್ಲಗೆ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡ. ಚಿಪ್ಪು ಬಹಳ ಹೊತ್ತು ಕುಲುಕುತ್ತಲೇ ಇತ್ತು.

ನೀತಿ: ನೆನಪು ಮಾಡುವ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಬಹುದು, ಏಳುವ ಕೆಲಸವನ್ನು ಒಪ್ಪಿಸಲಾಗದು.