ಅಂಟುವ ಹಿಟ್ಟು

"ಅಜ್ಜಾರೇ, ಒಳ್ಳೆಯದಾಗಲಿ ಎಂದು ಮಾಡಿದ್ದು ಕೆಟ್ಟದ್ದಾಗಿ ಏಕೆ ತಗಲುತ್ತದೆ?"

ಕೇಳಿದವನು ಮಠದ ಶಿಷ್ಯ ಕಲ್ಮೇಶಪ್ಪ. ಅವನ ಹೆಂಡತಿ ನಿಂಬೆವ್ವನಿಗೆ ಲಕ್ವಾ ಹೊಡೆದು ನಾಲಿಗೆ ತೊಡರುತ್ತಿತ್ತು. ಮಾತಾಡಿಸುತ್ತ ಇರಿ, ಮಾತು ಮೆಲ್ಲಗೆ ಮರಳುತ್ತದೆ ಎಂದು ವೈದ್ಯರು ಹೇಳಿದ್ದರು. ಅವಳು ಒಂದು ಪದಕ್ಕೆ ತಡಕಾಡಿದರೆ ಸಾಕು, ಕಲ್ಮೇಶಪ್ಪ ಆ ಪದವನ್ನು ತಾನೇ ಹೇಳಿಬಿಡುತ್ತಿದ್ದ. ನೀರು ಬೇಕೇ, ಹೊದಿಕೆ ಬೇಕೇ, ತಂಗಿಯ ಸುದ್ದಿ ಬೇಕೇ, ಎಲ್ಲವನ್ನೂ ಅವಳಿಗಿಂತ ಮೊದಲೇ ಆಡಿ ಮುಗಿಸುತ್ತಿದ್ದ. ಈಗ ಅವಳು ಬಾಯಿ ತೆರೆಯುವುದನ್ನೇ ಬಿಟ್ಟಿದ್ದಳು. ಅವನು ಕೋಣೆಗೆ ಬಂದರೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು.

"ಅವಳಿಗೆ ಕಷ್ಟ ಆಗಬಾರದು ಅಂತ ತಾನೇ ನಾನು ಮಾಡಿದ್ದು?" ಎಂದ ಕಲ್ಮೇಶಪ್ಪ.

"ಕಣ್ಣು ಒರೆಸಿಕೋ," ಎಂದರು ಮಠದ ಅಜ್ಜ. "ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ. ಹಾಕುತ್ತೀ ಅಂತ ಗೊತ್ತು, ಆದರೂ ಹೇಳಿದ್ದೇನೆ."

ಒಂದು ಊರಿನಲ್ಲಿ ಒಬ್ಬ ಗೃಹಿಣಿ ಇದ್ದಳು. ಚಪಾತಿ ಮಾಡುವುದರಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ಹಿಟ್ಟು ನಾದಿ ಮುಗಿದ ಮೇಲೆ ಪರಾತದ ತಟ್ಟೆಯೂ ಚೊಕ್ಕ ಇರಬೇಕು, ಕೈಯೂ ಚೊಕ್ಕ ಇರಬೇಕು ಎಂದು ತವರಿನಲ್ಲಿ ತಾಯಿ ಕಲಿಸಿದ್ದಳು. ಕೈಗೆಲ್ಲ ಹಿಟ್ಟು ಮೆತ್ತಿಕೊಂಡವಳು ಏನು ಬಾಳುವೆ ಮಾಡಿಯಾಳು ಎಂದು ಆ ಕೇರಿಯ ಹೆಂಗಸರು ನಗುತ್ತಿದ್ದರು. ಇವಳು ಎಂದೂ ಹಾಗೆ ನಗಿಸಿಕೊಂಡವಳಲ್ಲ.

ಅವಳ ಗಂಡನ ತಂಗಿ, ಅಂದರೆ ನಾದಿನಿ, ಅದೇ ಮನೆಯಲ್ಲಿದ್ದಳು. ಆ ನಾದಿನಿಗೆ ಬಾಯಲ್ಲಿ ಕೆಟ್ಟ ಹುಣ್ಣಾಯಿತು. ಆಸ್ಪತ್ರೆಯಲ್ಲಿ ಹುಣ್ಣು ಸುಡುವ ಕಿರಣದ ಕರೆಂಟು ಕೊಟ್ಟರು. ಹುಣ್ಣು ಹೋಯಿತು, ಆದರೆ ಬಾಯಿಯ ಒಳಗೆಲ್ಲ ಎಳೆ ಚರ್ಮ. ರೊಟ್ಟಿ ಚುಚ್ಚುತ್ತಿತ್ತು. ಅನ್ನ ಗಂಟಲಲ್ಲಿ ನಿಲ್ಲುತ್ತಿತ್ತು. ಗಂಜಿ ಎಂದರೆ ಓಕರಿಕೆ. ಬಾಯಿಂದ ಊಟ ಹೋಗದಿದ್ದರೆ ಮೂಗಿನಿಂದ ನಳಿಗೆ ಇಳಿಸುತ್ತೇವೆ ಎಂದರು ವೈದ್ಯರು. ನಾದಿನಿ ಹುಣ್ಣಿಗೂ ಅಷ್ಟು ಹೆದರಿರಲಿಲ್ಲ, ಆ ನಳಿಗೆಗೆ ಹೆದರಿದಳು. ಪಕ್ಕದ ಹಾಸಿಗೆಯವರು ಮನೆಯಲ್ಲಿ ಮಾಡಿದ ಬನ್ನು ಕೊಟ್ಟಿದ್ದರು, ಹತ್ತಿಯ ಹಾಗೆ ಇತ್ತು, ಅದೊಂದೇ ಒಳಗೆ ಹೋಗಿದ್ದು ಎಂದಳು.

ಗೃಹಿಣಿ ಗಂಡನ ಬೆನ್ನು ಹತ್ತಿ ಬ್ರೆಡ್ ಮಾಡುವ ಮಷೀನು ತರಿಸಿದಳು. ಮೈದಾ, ಹಾಲು, ಬೆಣ್ಣೆ, ಸಕ್ಕರೆ, ಉಪ್ಪು, ಈಸ್ಟು ಹಾಕಿ ಗುಂಡಿ ಒತ್ತಿದರೆ ಅದೇ ನಾದುತ್ತದೆ, ಅದೇ ಬೆಚ್ಚಗಿಟ್ಟು ಉಬ್ಬಿಸುತ್ತದೆ. ಆಮೇಲೆ ಕೈಗೆ ಎಣ್ಣೆ ಸವರಿಕೊಂಡು ಉಂಡೆ ಕಟ್ಟಿ ಓವನ್ನಿನಲ್ಲಿ ಬೇಯಿಸಬೇಕು. ಮಾರಿದವನು ಒಂದು ಮಾತು ಹೇಳಿ ಕಳಿಸಿದ್ದ. ಹಿಟ್ಟು ಅಂಟಂಟಾಗಿಯೇ ಇರುತ್ತದೆ, ಹಾಗೇ ಬಿಡಬೇಕು.

ಗೃಹಿಣಿ ಹೂಂ ಅಂದಳು. ಅಳತೆ ತಪ್ಪದೆ ಹಾಕಿದಳು. ಮಷೀನು ಗುರ್ ಎಂದು ತಿರುಗತೊಡಗಿತು. ಸ್ವಲ್ಪ ಹೊತ್ತಿಗೆ ಮುಚ್ಚಳ ತೆಗೆದು ಇಣುಕಿದಳು. ಹಿಟ್ಟು ಸಡಿಲಾಗಿ ಪಾತ್ರೆಯ ಮೈಗೆಲ್ಲ ಹತ್ತಿಕೊಂಡಿತ್ತು. ಬೆರಳಿಟ್ಟು ನೋಡಿದಳು. ಬೆರಳಿಗೂ ಹತ್ತಿತು. ಅಯ್ಯ ಶಿವನೇ, ಇದು ಹಿಟ್ಟೋ ಗೋಂದೋ ಎಂದು ಒಂದು ಹಿಡಿ ಒಣ ಮೈದಾ ಉದುರಿಸಿದಳು. ಇನ್ನೂ ಅಂಟಿತು. ಇನ್ನೊಂದು ಹಿಡಿ ಉದುರಿಸಿದಳು. ಆಗ ಹಿಟ್ಟು ಪಾತ್ರೆ ಬಿಟ್ಟು ಉಂಡೆಯಾಗಿ ಹೊರಳಿತು. ಪಾತ್ರೆ ಚೊಕ್ಕವಾಯಿತು, ಬೆರಳು ಚೊಕ್ಕವಾಯಿತು. ಅವಳ ಜೀವ ತಣ್ಣಗಾಯಿತು. ಬನ್ನು ಬೆಂದು ಹೊರಗೆ ಬಂದಾಗ...

"ಮೆತ್ತಗಿತ್ತು," ಎಂದ ಕಲ್ಮೇಶಪ್ಪ.

"ಕತೆ ನಿನ್ನದೋ ನನ್ನದೋ?" ಎಂದರು ಅಜ್ಜ. "ಕಲ್ಲಾಗಿತ್ತು."

ನಾಯಿಗೆ ಎಸೆದರೆ ನಾಯಿ ಕುಂಟಬೇಕು, ಅಂಥ ಬನ್ನು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈಸ್ಟು ಹಳತು ಎಂದಳು, ಹೊಸದು ತಂದಳು. ಮೈದಾ ಸರಿಯಿಲ್ಲ ಎಂದಳು, ಬೇರೆ ತಂದಳು. ಮಷೀನೇ ಮೋಸದ್ದು ಎಂದು ಗಂಡನ ಮೇಲೆ ಹರಿಹಾಯ್ದಳು. ಆದರೆ ಪ್ರತಿ ಸಲವೂ ಮುಚ್ಚಳ ತೆಗೆದಳು, ಪ್ರತಿ ಸಲವೂ ಹಿಡಿ ಹಿಟ್ಟು ಉದುರಿಸಿದಳು. ಅದು ತಪ್ಪು ಎಂದು ಅವಳಿಗೆ ಹೊಳೆಯಲೇ ಇಲ್ಲ. ಹಿಟ್ಟನ್ನು ಹದಕ್ಕೆ ತರುವುದು ತಪ್ಪು ಹೇಗಾದೀತು?

ನಾದಿನಿ ವೈನಿಯ, ಅಂದರೆ ಅತ್ತಿಗೆಯ, ಮನಸ್ಸು ನೋಯಬಾರದೆಂದು ಆ ಬನ್ನನ್ನೇ ಹಾಲಿನಲ್ಲಿ ನೆನೆಸಿ ತಿಂದಳು. ಹೊರಗೆ ಲೋಳೆ, ಒಳಗೆ ಗಂಟು. ಎಳೆ ಚರ್ಮ ಕಿತ್ತುಬಂತು. ಹಾಲಿನಲ್ಲಿ ರಕ್ತ ಕಂಡಿತು. ಅವಳು ಬಟ್ಟಲಿನ ಮೇಲೆ ಸೆರಗು ಮುಚ್ಚಿದಳು. ಗೃಹಿಣಿ ಅದನ್ನು ನೋಡಿದಳು. ಅಡುಗೆಮನೆಗೆ ಹೋಗಿ ಸದ್ದಾಗದಂತೆ ಅತ್ತಳು. ಬೆಳಗಾದರೆ ಆಸ್ಪತ್ರೆಗೆ ಹೋಗಬೇಕಿತ್ತು, ನಳಿಗೆ ಹಾಕಲಿಕ್ಕೆ. ಮೂಗು ಒರೆಸಿಕೊಂಡು ಮತ್ತೆ ಮಷೀನಿಗೆ ಮೈದಾ ಸುರಿದಳು. ಈ ಸಲ ಇನ್ನೂ ಚೆನ್ನಾಗಿ ನೋಡಿಕೊಳ್ಳುತ್ತೇನೆ ಎಂದುಕೊಂಡಳು.

ಮಷೀನು ತಿರುಗುತ್ತಿರುವಾಗ ನಾದಿನಿ ಕೋಣೆಯಿಂದ ಕರೆದಳು. "ವೈನಿ, ಇಲ್ಲಿ ಬಾ. ನನಗೆ ಅಂಜಿಕೆ ಆಗುತ್ತಿದೆ. ನನ್ನ ಹತ್ತಿರ ಕೂಡು."

"ಬಂದೆ ಬಂದೆ. ಹಿಟ್ಟು ಒಂದು ಸಲ ನೋಡಿ ಬರುತ್ತೇನೆ."

"ಹಿಟ್ಟೇ ನೋಡುತ್ತೀ. ನನ್ನನ್ನು ಯಾವಾಗ ನೋಡುತ್ತೀ?"

ಗೃಹಿಣಿ ಹೋಗಿ ಕೂತಳು. ನಾದಿನಿ ಅವಳ ಎರಡೂ ಕೈ ಹಿಡಿದುಕೊಂಡಳು. ಅಡುಗೆಮನೆಯಲ್ಲಿ ಮಷೀನಿನ ಸದ್ದು ಬದಲಾದಾಗಲೆಲ್ಲ ಗೃಹಿಣಿಯ ಕೈ ಜಗ್ಗಿತು. ನಾದಿನಿ ಬಿಡಲಿಲ್ಲ. ನಳಿಗೆ ಹಾಕಿದರೆ ಮಾತಾಡಲು ಬರುತ್ತದೋ ಇಲ್ಲವೋ ಎಂದು ಕೇಳಿದಳು. ಗೃಹಿಣಿ ಗೊತ್ತಿಲ್ಲ ಎಂದಳು. ಹಾಗೇ ಕೂತರು. ಸದ್ದು ನಿಂತಿತು. ಹಿಟ್ಟು ತನ್ನ ಪಾಡಿಗೆ ಉಬ್ಬಿತು.

ಗೃಹಿಣಿ ಎದ್ದು ಮುಚ್ಚಳ ತೆಗೆದಾಗ ಹಿಟ್ಟು ಅಂಟಂಟಾಗಿಯೇ ಇತ್ತು. ಕೆಟ್ಟಿತು ಎಂದು ಹಣೆ ಚಚ್ಚಿಕೊಂಡಳು. ಮತ್ತೆ ಮಾಡಲು ಮೈದಾ ಉಳಿದಿರಲಿಲ್ಲ. ಕೈಗೆ ಎಣ್ಣೆ ಸವರಿಕೊಂಡು, ಬೈದುಕೊಳ್ಳುತ್ತಲೇ ಹೇಗೋ ಉಂಡೆ ಕಟ್ಟಿ ಬೇಯಿಸಿದಳು. ಬೆಂದ ಬನ್ನನ್ನು ಬೆರಳಿನಿಂದ ಒತ್ತಿದಳು. ತಗ್ಗಾಗಿ, ಮತ್ತೆ ಮೇಲೆ ಬಂತು. ನಾದಿನಿ ಒಂದು ಚೂರು ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿದಳು. ನುಂಗಿದಳು. ಇನ್ನೊಂದು ಚೂರಿಗೆ ಕೈ ಚಾಚಿದಳು. ಮರುದಿನ ಆಸ್ಪತ್ರೆಯಲ್ಲಿ ನಳಿಗೆಯ ಮಾತು ಬರಲಿಲ್ಲ.

ಅಜ್ಜ ಅಲ್ಲಿಗೆ ನಿಲ್ಲಿಸಿದರು.

"ತಿಳಿಯಿತು ಅಜ್ಜಾರೇ," ಎಂದ ಕಲ್ಮೇಶಪ್ಪ. "ನಾದಿನಿಯ ಮೇಲೆ ಪ್ರೀತಿ ಹೆಚ್ಚಾಗಿ ಅವಳು ಹಿಟ್ಟು ಹೆಚ್ಚು ಹಾಕಿದಳು. ನಾನು ಮಾಡಿದ್ದೂ ಅದೇ."

ಅಜ್ಜ ತಲೆ ಅಲ್ಲಾಡಿಸಿದರು.

"ಪ್ರೀತಿ ಇತ್ತಪ್ಪಾ, ಆದರೆ ಆ ಹಿಟ್ಟು ಹಾಕಿದ್ದು ನಾದಿನಿಯ ಬಾಯಿಗಾಗಿ ಅಲ್ಲ, ತನ್ನ ಬೆರಳಿಗಾಗಿ."

ಕಲ್ಮೇಶಪ್ಪ ಎದ್ದು ಮನೆಗೆ ನಡೆದ, ನಿಂಬೆವ್ವ ತಡಕಾಡುವ ಪದಕ್ಕೆ ಕಾಯಲು.