ಗೀರು ಬೇಡಿದ ಕಾರು

ವಿಡಿಯೊ ಗೇಮ್ ಅಂಗಡಿಯ ಪರದೆಯ ಮೇಲಿದ್ದ ಹೈಬ್ರಿಡ್ ರೇಸ್ ಕಾರು, ಆಟದ ಬಿಡುವಿನಲ್ಲಿ, ಕಿಟಕಿಯಾಚೆ ನಿಂತಿದ್ದ ಹಳೆಯ ಮೊಪೆಡ್ಡನ್ನು ಕೇಳಿತು: "ಅಜ್ಜ, ನಿಮ್ಮ ಪಕ್ಕೆಯ ಮೇಲಿನ ಗೀರು ಹೇಗಾಯಿತು?"

"ಸಂತೆಬೀದಿಯಲ್ಲಿ ಕಬ್ಬಿನ ಗಾಡಿ ಉಜ್ಜಿತು. ನಿನ್ನ ಮೈ ನೋಡು, ಕನ್ನಡಿ ಇದ್ದಂತಿದೆ."

"ಹಗಲೂ ರಾತ್ರಿ ಓಡುವ ಸ್ಪರ್ಧೆಗೆಂದೇ ನನ್ನನ್ನು ಮಾಡಿದ್ದಾರೆ. ಬ್ರೇಕ್ ಹಾಕಿದಾಗ ಸಿಗುವ ಶಕ್ತಿಯನ್ನೂ ಪೋಲು ಮಾಡದೆ ಬ್ಯಾಟರಿಯಲ್ಲಿ ಕೂಡಿಡುತ್ತೇನೆ. ಆದರೆ ಅಷ್ಟು ಓಡಿದ್ದಕ್ಕೆ ಮೈಮೇಲೆ ಒಂದು ಗುರುತೂ ಉಳಿಯುವುದಿಲ್ಲ. ನನಗೆ ಒಂದು ಗೀರು ಸಾಕು."

"ಅಷ್ಟೇ ತಾನೆ? ಹೋಗಿ ಗೋಡೆಗೆ ಗುದ್ದು, ಮಾರಾಯ," ಎಂದು ಮೊಪೆಡ್ ನಕ್ಕಿತು.

ಕಾರು ಅದನ್ನು ತಮಾಷೆ ಎಂದುಕೊಳ್ಳಲಿಲ್ಲ. ಮುಂದಿನ ಆಟದಲ್ಲಿ ತಿರುವು ಬಂದಾಗ ತಿರುಗದೆ ನೇರವಾಗಿ ಗೋಡೆಗೆ ಗುದ್ದಿತು. ಬಾಗಿಲು ನುಜ್ಜುಗುಜ್ಜಾಯಿತು. ಕಾರಿಗೆ ಎಲ್ಲಿಲ್ಲದ ಸಂತೋಷವಾಯಿತು. ಆಡುತ್ತಿದ್ದವನು "ಥತ್" ಎಂದು ಗುಂಡಿ ಒತ್ತಿದ. ಕಾರು ಮತ್ತೆ ಆರಂಭದ ಗೆರೆಯಲ್ಲಿ ಹೊಚ್ಚಹೊಸದಾಗಿ ನಿಂತಿತ್ತು.

ಅಷ್ಟರಲ್ಲಿ ಅಂಗಡಿಯ ಒಡತಿ ವಾರಿಜಮ್ಮ ಊಟಕ್ಕೆಂದು ಹೊರಗೆ ಬಂದರು. ಅಲ್ಲಿ ಒಂದೇ ಬಣ್ಣದ ಮೊಪೆಡ್‌ಗಳು ಸಾಲಾಗಿ ನಿಂತಿದ್ದವು. ಅವರು ಒಂದರ ಗೀರಿನ ಮೇಲೆ ಬೆರಳಾಡಿಸಿ, "ಇಲ್ಲಿದ್ದೀಯಾ? ನಡಿ ಮನೆಗೆ," ಎಂದರು.

ಕಾರು ತನ್ನ ಸಾಲಿನತ್ತ ನೋಡಿತು. ಅಕ್ಕಪಕ್ಕದಲ್ಲಿ ತನ್ನಂಥವೇ ಕಾರುಗಳು ಹೊಳೆಯುತ್ತಿದ್ದವು. ಹಸಿರು ದೀಪ ಹತ್ತಿತು. ಎಲ್ಲವೂ ಒಟ್ಟಿಗೆ ಹೊರಟವು.