ಮಠಕ್ಕೆ ಬಂದ ಬೇಟೆ ನಾಯಿ

ಘಟಪ್ರಭೆಯ ದಂಡೆಯ ಮೇಲೊಂದು ಸಣ್ಣ ಮಠ. ಅಲ್ಲಿ ಒಬ್ಬ ಅಜ್ಜ, ಒಬ್ಬ ಶಿಷ್ಯ.

ಶಿಷ್ಯನ ಹೆಸರು ಮಡಿವಾಳಯ್ಯ. ಕಾಲಿಗೆ ಸಿಕ್ಕು ಇರುವೆ ಸತ್ತರೂ ಅವನಿಗೆ ಅಂದು ಊಟ ಸೇರುತ್ತಿರಲಿಲ್ಲ. ಊಟ ಸೇರಲಿಲ್ಲವೆಂದು ನಾಲ್ಕು ಮಂದಿಗೆ ಹೇಳದಿದ್ದರೆ ನಿದ್ದೆಯೂ ಬರುತ್ತಿರಲಿಲ್ಲ.

ದಿನಾ ಬೆಳಿಗ್ಗೆ ಅವನು ಅಂಗಳದಲ್ಲಿ ಜೋಳ ಚೆಲ್ಲಿ ಕರೆಯುತ್ತಿದ್ದ. ಬೇಲಿಯಾಚೆಯಿಂದ ಒಂದು ಹೆಣ್ಣು ನವಿಲು ನಾಲ್ಕು ಮರಿಗಳನ್ನು ಕಟ್ಟಿಕೊಂಡು ಬರುತ್ತಿತ್ತು. ಮರಿಗಳು ಅವನ ಅಂಗೈಯಿಂದಲೇ ಕಾಳು ಹೆಕ್ಕುತ್ತಿದ್ದವು. ಅದಕ್ಕಿಂತ ದೊಡ್ಡ ಸುಖ ಅವನಿಗೆ ಇನ್ನೊಂದಿರಲಿಲ್ಲ.

ಒಂದು ದಿನ ಕುರಿ ಕಾಯುವ ಯಮನಪ್ಪ ತನ್ನ ಬೇಟೆ ನಾಯಿಯನ್ನು ಕರೆತಂದ. ತಾಯಿಯ ಕಣ್ಣಿನ ಆಪರೇಷನ್‌ಗೆ ಅವನು ಹುಬ್ಬಳ್ಳಿಗೆ ಹೋಗಬೇಕಿತ್ತು.

“ಎಂಟ್ ದಿನಾ ನೋಡ್ಕೊಳ್ರಿ ಅಜ್ಜಾರ. ಬಿಳ್ಯಾ ಅಂತ ಕರದ್ರ ಬರತೈತಿ. ಕಟ್ಟಿ ಮಾತ್ರ ಹಾಕಬ್ಯಾಡ್ರಿ. ಕಟ್ಟಿದ್ರ ತುತ್ತು ಮುಟ್ಟೂದಿಲ್ಲ.”

“ಆತು,” ಎಂದರು ಅಜ್ಜ. ನಾಯಿಯ ಹಗ್ಗ ಮಡಿವಾಳಯ್ಯನ ಕೈಗೆ ಬಂತು.

ಮರುದಿನ ಬೆಳಿಗ್ಗೆ ಅವನು ಎಂದಿನಂತೆ ಜೋಳ ಚೆಲ್ಲಿದ. ನವಿಲು ಬಂತು. ಬಿಳ್ಯಾನೂ ಬಂತು. ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಮರಿ ಅದರ ಬಾಯಲ್ಲಿತ್ತು.

ಬಿಳ್ಯಾ ಸತ್ತ ಮರಿಯನ್ನು ತಂದು ಮಡಿವಾಳಯ್ಯನ ಕಾಲ ಬಳಿ ಇಟ್ಟಿತು. ಬಾಲ ಅಲ್ಲಾಡಿಸುತ್ತಾ ಅವನ ಮುಖ ನೋಡಿತು.

ಅವನು ಅಳುತ್ತಾ ಒಳಗೆ ಓಡಿದ. “ಅಜ್ಜಾರ, ಈ ಪಾಪ ನಾಯಿದೋ, ನನ್ನದೋ?”

“ನಾಯಿಗೆ ರೊಟ್ಟಿ ಹಾಕಿದೇನು?” ಎಂದರು ಅಜ್ಜ.

ಇದು ಉತ್ತರವೋ ಅಲ್ಲವೋ ಅವನಿಗೆ ತಿಳಿಯಲಿಲ್ಲ.

ಅವನು ನಾಯಿಯನ್ನು ಕಂಬಕ್ಕೆ ಬಿಗಿದ. ಎರಡು ದಿನ ನವಿಲು ನೆಮ್ಮದಿಯಾಗಿ ತಿಂದಿತು. ನಾಯಿ ಏನೂ ತಿನ್ನಲಿಲ್ಲ. ಪಕ್ಕೆಲುಬುಗಳು ಎದ್ದು ಕಂಡವು. ನೋಡಲಾರದೆ ಹಗ್ಗ ಬಿಚ್ಚಿದ.

ಬಿಚ್ಚಿದವನು ನಾಯಿಯನ್ನು ಎದುರಿಗೆ ಕೂರಿಸಿಕೊಂಡು ಅಹಿಂಸೆಯ ಬಗ್ಗೆ ಒಂದು ತಾಸು ಹೇಳಿದ. ಬಿಳ್ಯಾ ಕಿವಿ ನೆಟ್ಟಗೆ ಮಾಡಿ ಕೇಳಿತು. ಊರಿನ ಭಕ್ತರು ಯಾರೂ ಅವನ ಮಾತನ್ನು ಅಷ್ಟು ಹೊತ್ತು ಕೇಳಿರಲಿಲ್ಲ.

ನಾಯಿಗೆ ಬುದ್ಧಿ ಬಂತೆಂದು ನಂಬಿ ಮರುದಿನ ಜೋಳ ಚೆಲ್ಲಿದ. ಎರಡನೆಯ ಮರಿಯೂ ಹೋಯಿತು.

ಮಡಿವಾಳಯ್ಯ ಬಡಿಗೆ ಎತ್ತಿದ. ಬಿಳ್ಯಾ ಓಡಲಿಲ್ಲ, ಅವನ ಕೈ ನೆಕ್ಕಿತು. ಅವನಿಗೆ ಅದರ ಮೇಲೆ ಸಿಟ್ಟೂ ಉಕ್ಕಿತು, ಮುದ್ದೂ ಉಕ್ಕಿತು. ಯಾವುದನ್ನು ನಂಬಬೇಕೋ ತೋಚದೆ ಬಡಿಗೆ ಹಿಡಿದುಕೊಂಡೇ ಅಜ್ಜನ ಎದುರು ನಿಂತ.

“ಇನ್ನೆರಡ ಮರಿ ಉಳದಾವ್ರಿ. ಕಟ್ಟಿದ್ರ ನಾಯಿ ಸಾಯತೈತಿ, ಬಿಟ್ರ ಮರಿ ಸಾಯತಾವ. ಏನ್ ಮಾಡ್ಲಿ?”

“ಅದ ಬಡಿಗಿ ತಗೊಂಡ ನವಿಲನ್ನ ಓಡಸು.”

“ನವಿಲನ್ನ? ಅದೇನ್ ತಪ್ಪ ಮಾಡೇತ್ರಿ?”

“ನಾಯಿ ಬ್ಯಾಟಿ ಬಿಡಲಿ ಅಂತ ನಾಕ ದಿನಾ ಒದ್ದ್ಯಾಡಿದಿ. ನವಿಲಿಗೆ ಅಂಜಿಕಿ ಬಿಡಿಸಿದಾವ ಯಾರು?”

ಮಡಿವಾಳಯ್ಯ ತನ್ನ ಅಂಗೈ ನೋಡಿಕೊಂಡ.

ಮರುದಿನ ಬೆಳಿಗ್ಗೆ ನಾಯಿಯನ್ನು ಒಳಗೆ ಕೂಡಿಹಾಕಿ ಅಂಗಳಕ್ಕೆ ಬಂದ. ಕಾಳು ಚೆಲ್ಲಲಿಲ್ಲ, ಕರೆಯಲಿಲ್ಲ. ಆದರೂ ನವಿಲು ಬಂತು. ಬಡಿಗೆ ಎತ್ತಿದ. ಕಾಳು ಬೀಳುತ್ತದೆಂದುಕೊಂಡು ಮರಿಗಳು ಹತ್ತಿರ ಸರಿದವು. ಕೂಗಿದ. ಅವು ಕತ್ತು ಹೊರಳಿಸಿ ಅವನನ್ನೇ ನೋಡಿದವು.

ಕೊನೆಗೆ ಒಂದು ಮಣ್ಣಿನ ಹೆಂಟೆ ಎತ್ತಿ ಎಸೆದ. ಅದು ಮರಿಗಳ ಮುಂದೆಯೇ ಬಿದ್ದು ಒಡೆಯಿತು. ತಾಯಿ ಚೀರಿ ಬೇಲಿ ದಾಟಿತು. ಮರಿಗಳು ಮುಳ್ಳಿನ ಸಂದಿಯಲ್ಲಿ ನುಗ್ಗಿ ಓಡಿದವು.

ಒಳ್ಳೆಯದು ಮಾಡಿದೆನೋ ಕೆಟ್ಟದ್ದೋ ತಿಳಿಯದೆ ಅವನು ಅಲ್ಲೇ ಕುಸಿದು ಅತ್ತ. ಅಜ್ಜ ಕದ ತೆಗೆದರು. ಬಿಳ್ಯಾ ಬಂದು ಅವನ ತೊಡೆಯ ಮೇಲೆ ತಲೆ ಇಟ್ಟಿತು. ಅದೂ ಅವನಿಗೆ ಅರ್ಥವಾಗಲಿಲ್ಲ.

ಮತ್ತೆರಡು ದಿನ ಹಾಗೇ ಓಡಿಸಿದ. ಆಮೇಲೆ ನವಿಲು ಅಂಗಳಕ್ಕೆ ಕಾಲಿಡಲಿಲ್ಲ.

ಎಂಟನೆಯ ದಿನ ಯಮನಪ್ಪ ಬಂದ. ಬಿಳ್ಯಾ ಅವನ ಎದೆಗೆ ಹಾರಿತು. ಇಬ್ಬರೂ ಹೊರಟರು. ನಾಯಿ ಒಮ್ಮೆಯೂ ತಿರುಗಿ ನೋಡಲಿಲ್ಲ.

ಆ ಸಂಜೆ ಗುರುಶಿಷ್ಯರು ದಂಡೆಯಲ್ಲಿ ಕುಳಿತಿದ್ದರು. ದೂರದ ಬೀಳು ಹೊಲದಲ್ಲಿ ತಾಯಿ ನವಿಲು ನೆಲ ಕೆದರುತ್ತಿತ್ತು. ಎರಡೂ ಮರಿಗಳು ಮಿಡತೆ ಹಿಡಿದು ನುಂಗುತ್ತಿದ್ದವು, ಮೈತುಂಬಿಕೊಂಡಿದ್ದವು. ಮಡಿವಾಳಯ್ಯ ಎದ್ದು ನಿಂತದ್ದೇ ತಡ, ಮೂರೂ ಪೊದೆಯೊಳಗೆ ಮಾಯವಾದವು.

“ನಾಯಿ ಅಂತೂ ಹೋತಲ್ರಿ ಅಜ್ಜಾರ. ನಾಳಿಂದ ಮತ್ತ ಕಾಳ ಹಾಕಲೇನ್ರಿ?”

ಅಜ್ಜ ಮರಿಗಳು ಮಿಡತೆ ನುಂಗುತ್ತಿದ್ದ ಹೊಲದ ಕಡೆ ಕೈ ತೋರಿಸಿದರು.

“ಹಸಿವಿ ಯಾರಿಗಾಗೇತಿ, ತಮ್ಮಾ?”